ಮೆತ್ತಿನಿಂದ ಜಗಲಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರ ಮನೆಗಳಲ್ಲಿ ಸಂಗೀತವೂ ತಾಳಮದ್ದಲೆಯೂ ಬಿಡುವಿನ ವೇಳೆಯ ವಿನೋದವಾಗಿ ಮಾತ್ರ ಉಳಿಯದೆ ದಿನಚರಿಯ ಅಂಗವಾಗಿಯೇ ನಡೆದುಬಂದಿವೆಯೆಂಬುದು ಈ ಸೀಮೆಯನ್ನು ಬಲ್ಲವರಿಗೆ ಹೊಸ ಮಾತಲ್ಲ. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಪ್ರಾರಂಭವಾದ ಮೇಲೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಮೊದಲಾದವರ ಗಾಯನವು ಅಡಿಕೆ ತೋಟದ ಅಂಚಿನ ಮನೆಗಳನ್ನೂ ಮುಟ್ಟಿತು. ಕ್ಯಾಸೆಟ್ಟುಗಳ ಕಾಲ ಬಂದಾಗ ಕಡತೋಕಾ ಮಂಜುನಾಥ ಭಾಗವತರ, ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತರ ಯಕ್ಷಗಾನದ ಪದ್ಯಗಳು ಕಪಾಟುಗಳಲ್ಲಿ ಮನೆಮಾಡಿದವು. ಶಿರಸಿ ತಾಲೂಕಿನ ನಮ್ಮ ಮನೆಯಲ್ಲಿ ಅಪ್ಪಯ್ಯ ಕೂಡಿಟ್ಟ ಅಂಥ ಕ್ಯಾಸೆಟ್ಟುಗಳನ್ನೂ ನಾನು ಕೊಂಡ ಸಿ.ಡಿ.ಗಳನ್ನೂ ಗಣಕಕ್ಕೆ ಇಳಿಸಿ, ಮೆತ್ತಿನ (ಮಹಡಿಯ) ಮೇಲಣ ಒಣಕೋಣೆಯಲ್ಲಿ ಒಂದು ಡಿಸ್ಕಿನೊಳಗೆ ಭದ್ರಪಡಿಸಿ, ಜಗಲಿಯಲ್ಲಿ ಕುಳಿತವರಿಗೂ ನಡುಮನೆಯಲ್ಲಿರುವವರಿಗೂ ಅಡಿಗೆಮನೆಯಲ್ಲಿ ಕೆಲಸದಲ್ಲಿ ತೊಡಗಿದವರಿಗೂ ಬೇಕೆಂದಾಗ ಕೇಳಿಸಬೇಕೆಂಬ ಸಂಕಲ್ಪವೇ ನನ್ನನ್ನು ನೆಟ್‌ವರ್ಕ್ ಸ್ವಿಚ್ಚಿನ ಅಭ್ಯಾಸಕ್ಕೆ ಹಚ್ಚಿತು. ಅನಂತರ ಸಿದ್ದಾಪುರ ತಾಲೂಕಿನಲ್ಲಿರುವ ಅಕ್ಕನ ಮನೆಯಲ್ಲಿಯೂ ಯಲ್ಲಾಪುರ ಪೇಟೆಯ ಸ್ನೇಹಿತರೊಬ್ಬರ ಮನೆಯಲ್ಲಿಯೂ ಅದೇ ಏರ್ಪಾಡನ್ನು ಮಾಡುವ ಸಂದರ್ಭ ಒದಗಿತು. ಈ ಮೂರು ಮನೆಗಳಲ್ಲಿ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ವೈಫೈ ಇರುವಾಗ ತಂತಿಯೇಕೆ ಎಂಬ ಪ್ರಶ್ನೆಯನ್ನು ಮೊದಲು ಎಲ್ಲರೂ ಕೇಳುತ್ತಾರೆ. ಇಲ್ಲಿಯ ಹಳೆಯ ಮನೆಗಳ ಗೋಡೆಗಳು ಮೊಳದಷ್ಟು ದಪ್ಪದ ಮಣ್ಣಿನವು, ಇಲ್ಲವೆ ಚಿರೇಕಲ್ಲಿನವು. ಮಳೆಗಾಲದಲ್ಲಿ ಅವು ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ತೇವವಾಗಿಯೇ ಇರುವುದರಿಂದ, ರೌಟರಿನಿಂದ ಹೊರಟ ಅಲೆಗಳು ಒಂದು ಗೋಡೆಯನ್ನು ದಾಟುವಷ್ಟರಲ್ಲಿಯೇ ಕ್ಷೀಣಿಸಿ ಎರಡನೆಯದನ್ನು ದಾಟುವಾಗ ನಾಮಮಾತ್ರವಾಗಿಬಿಡುತ್ತವೆ. ಪತ್ರವನ್ನೋ ಚಿತ್ರವನ್ನೋ ತರಿಸಿಕೊಳ್ಳುವಲ್ಲಿ ಒಂದು ಕ್ಷಣದ ವಿಳಂಬವು ಯಾರ ಗಮನಕ್ಕೂ ಬಾರದು; ವಿಲಂಬಿತ ಖ್ಯಾಲಿನಲ್ಲಿ ಗಾಯಕನು ತಾಳದ ಸಮ್ಮಿಗೆ ಬರುವ ಹೊತ್ತಿಗೆ ಅದೇ ವಿಳಂಬವು ಇಡೀ ಆವರ್ತನವನ್ನು ಕೆಡಿಸುತ್ತದೆ. "ಹಾಡು ನಡುವೆ ನಿಂತೋದ್ರೆ ಕೇಳದೇ ಬ್ಯಾಡ ಹೇಳಿ ಅನ್ನಿಸ್ತು" ಎಂದು ಅಪ್ಪಯ್ಯ ಅಂದ ಮಾತೇ ನನಗೆ ಈ ಕೆಲಸದ ಅಳತೆಗೋಲಾಯಿತು. ಅಖಂಡವಾಗಿ ಹರಿಯಬೇಕು, ಉಳಿದದ್ದೆಲ್ಲ ಅನಂತರದ್ದು.

ಸ್ವಿಚ್ಚಿನ ಕಾರ್ಯವು ಸರಳವಾದುದು. ಅದಕ್ಕಿಂತ ಮುಂಚೆ ಬಳಕೆಯಲ್ಲಿದ್ದ ಹಬ್ ಎಂಬ ಸಾಧನವು ಒಂದು ಕಡೆಯಿಂದ ಬಂದುದನ್ನು ಉಳಿದೆಲ್ಲ ಕಡೆಗಳಿಗೂ ಕೂಗಿಬಿಡುತ್ತಿತ್ತು. ಸ್ವಿಚ್ಚಾದರೋ, ಊರಿನ ಹಳೆಯ ಅಂಚೆಯವನಂತೆ, ಯಾವ ವಿಳಾಸದವರು ಯಾವ ಬಾಗಿಲಿನಲ್ಲಿರುವರೆಂಬುದನ್ನು ತಾನೇ ಕಲಿತುಕೊಂಡು ಆಯಾ ಬಾಗಿಲಿಗೆ ಮಾತ್ರ ತಲುಪಿಸುತ್ತದೆ. 1990ರ ಸುಮಾರಿಗೆ ಇಂಥ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಅಮೆರಿಕದ ಮಾರುಕಟ್ಟೆಗೆ ತಂದ ಕಲ್ಪನಾ ಎಂಬ ಸಂಸ್ಥೆಯ ಸ್ಥಾಪಕರಲ್ಲಿ ಭಾರತೀಯ ಮೂಲದ ವಿನೋದ ಭಾರದ್ವಾಜರು ಒಬ್ಬರೆಂದೂ, 1994ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತೆಂದೂ ತಿಳಿದಾಗ ನನಗೆ ಸಂತೋಷವಾಯಿತು.

ಸಂಗೀತಕ್ಕೆ ಎಷ್ಟು ವೇಗ ಬೇಕೆಂಬುದರ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಲೇಸು, ಏಕೆಂದರೆ ಅನವಶ್ಯಕವಾದ ಖರ್ಚು ಬಹುಮಟ್ಟಿಗೆ ಆ ಲೆಕ್ಕವನ್ನು ಮಾಡದಿರುವುದರಿಂದಲೇ ಹುಟ್ಟುತ್ತದೆ. ಸಿ.ಡಿ.ಯ ಧ್ವನಿಯು ಸೆಕೆಂಡಿಗೆ 44,100 ಸಲ, ಪ್ರತಿಸಲವೂ 16 ಬಿಟ್ಟುಗಳಂತೆ, ಎಡಬಲ ಎರಡು ವಾಹಿನಿಗಳಲ್ಲಿ ಅಳೆದದ್ದು. ಅಂದರೆ ಸೆಕೆಂಡಿಗೆ 14 ಲಕ್ಷ ಚಿಲ್ಲರೆ ಬಿಟ್ಟುಗಳು. ಅದಕ್ಕಿಂತ ಸೂಕ್ಷ್ಮವಾದ, 24 ಬಿಟ್ಟಿನ 192 ಕಿಲೋಹರ್ಟ್ಸ್ ಮುದ್ರಣಕ್ಕೂ 92 ಲಕ್ಷದಷ್ಟೇ ಸಾಕು. ಅತ್ಯಂತ ಅಗ್ಗದ, 100 ಮೆಗಾಬಿಟ್ಟಿನ ಹಳೆಯ ಸ್ವಿಚ್ಚು ಕೂಡ ಸೆಕೆಂಡಿಗೆ 10 ಕೋಟಿ ಬಿಟ್ಟುಗಳನ್ನು ಒಯ್ಯಬಲ್ಲುದು. ಆದಕಾರಣ ವೇಗದ ಅಭಾವದಿಂದ ಹಾಡು ನಿಲ್ಲುವುದೆಂಬುದು ತಂತಿಯ ಮನೆಯಲ್ಲಿ ಪ್ರಾಯಶಃ ಇಲ್ಲವೇ ಇಲ್ಲ. ಹಾಗಿದ್ದೂ ನಿಲ್ಲುವುದಾದರೆ ಕಾರಣವನ್ನು ಬೇರೆಡೆ ಅರಸಬೇಕು.

ನಮ್ಮ ಮನೆಯಲ್ಲಿ ಆ ಕಾರಣ ಸಿಕ್ಕಿದ್ದು ತಂತಿಯಲ್ಲಿ. ಡಿಸ್ಕಿನಿಂದ ಹಾಡನ್ನು ತರಿಸಿಕೊಂಡು ನುಡಿಸುವ ಜಗಲಿಯ ಪ್ಲೇಯರಿಗೆ ಹೋದ ಕೇಬಲ್ಲಿನ ಪೋರ್ಟಿನ ದೀಪವು ಆಗಾಗ ಆರಿ, ಎರಡು ಮೂರು ಸೆಕೆಂಡು ಕಳೆದು, ಮತ್ತೆ ಹತ್ತುತ್ತಿತ್ತು. ಪೇಟೆಯಲ್ಲಿ ಕ್ಯಾಟ್-6 ಎಂಬ ಮುದ್ರೆ ಹೊತ್ತು ಬರುವ ಕೇಬಲ್ಲುಗಳಲ್ಲಿ ಕೆಲವು ಅಪ್ಪಟ ತಾಮ್ರದವಲ್ಲ. ಅಲ್ಯೂಮಿನಿಯಮ್ ಎಳೆಯ ಮೇಲೆ ತಾಮ್ರದ ಲೇಪವನ್ನು ಕೊಟ್ಟಂಥವು. ಚೂರಿಯ ತುದಿಯಿಂದ ಎಳೆಯನ್ನು ಕೆರೆದರೆ ಒಳಗಿನ ಬಿಳುಪು ಹೊರಬೀಳುವುದು. ಎರಡು ಮೂರು ಬಾರಿ ಮಡಿಸಿ ಬಿಡಿಸಿದರೆ ಎಳೆ ಪಟ್ಟನೆ ಮುರಿಯುವುದು. ಗಿಗಾಬಿಟ್ಟಿನ ಸಂಪರ್ಕಕ್ಕೆ ನಾಲ್ಕೂ ಜೋಡಿ ಎಳೆಗಳು ಸಜೀವವಾಗಿರಬೇಕು. ಒಂದು ಜೋಡಿ ಸಡಿಲವಾಯಿತೆಂದರೆ ಸ್ವಿಚ್ಚೂ ಪ್ಲೇಯರೂ ಪರಸ್ಪರ ಒಪ್ಪಂದವನ್ನು ಹೊಸದಾಗಿ ಕುದುರಿಸಿಕೊಳ್ಳಲು ತೊಡಗುತ್ತವೆ, ಆ ಸಂಧಿಕಾಲದಲ್ಲಿ ಹಾಡು ನಿಲ್ಲುತ್ತದೆ. ಅಪ್ಪಟ ತಾಮ್ರದ ಕೇಬಲ್ಲನ್ನು ತರಿಸಿ ತುದಿಗಳನ್ನು ನಾನೇ ಕಟ್ಟಿದೆನು. ಹೊರಗಿನ ಸಿಪ್ಪೆಯನ್ನು ಹೆಬ್ಬೆರಳಿನಷ್ಟು ಸುಲಿದು, ಹೆಣೆದ ಜೋಡಿಗಳನ್ನು ಬಿಡಿಸಿ, ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು ಎಂಬ ಕ್ರಮದಲ್ಲಿ ಬೆರಳ ಸಂದಿನಲ್ಲಿ ಒತ್ತಿ ಹಿಡಿದು, ಎಂಟೂ ತುದಿಗಳನ್ನು ಒಂದೇ ಸಮಕ್ಕೆ ಕತ್ತರಿಸಿ, ಪಾರದರ್ಶಕವಾದ ಕನೆಕ್ಟರಿನೊಳಗೆ ನೂಕಿ, ಅದರ ಮುಂತುದಿಯಲ್ಲಿ ಎಂಟು ತಾಮ್ರದ ಚುಕ್ಕೆಗಳು ಕಣ್ಣಿಗೆ ಕಂಡ ಮೇಲೆಯೇ ಇಕ್ಕುಳವನ್ನು ಒತ್ತಬೇಕು. ಹೊರಸಿಪ್ಪೆಯ ಅಂಚೂ ಕನೆಕ್ಟರಿನ ಬಾಯೊಳಗೆ ಸೇರಿರಬೇಕು. ಇಲ್ಲದಿದ್ದರೆ ಕೇಬಲ್ಲಿನ ಭಾರವೆಲ್ಲ ಆ ನವುರಾದ ಎಳೆಗಳ ಮೇಲೆ ಬೀಳುವುದು. ಅಂದಿನಿಂದ ಜಗಲಿಯ ದೀಪ ಆರಿಲ್ಲ.

ಸಿದ್ದಾಪುರದ ಕಡೆಯ ಅಕ್ಕನ ಮನೆಯ ಕಥೆ ಬೇರೆ. ಅಲ್ಲಿ ಹಳೆಯ ಮನೆಗೂ ಭಾವನವರು ಕಟ್ಟಿಸಿದ ಹೊಸ ಕಟ್ಟಡಕ್ಕೂ ನಡುವೆ ಅಡಿಕೆ ಒಣಗಿಸುವ ವಿಶಾಲವಾದ ಅಂಗಳವಿದೆ. ತಾಮ್ರದ ಈಥರ್‌ನೆಟ್ ಕೇಬಲ್ಲು 100 ಮೀಟರುಗಳವರೆಗೆ ನಿರಾತಂಕವಾಗಿ ನಡೆಯುವುದರಿಂದ ದೂರದ ಅಡ್ಡಿಯೇನೂ ಇರಲಿಲ್ಲ. ಒಂದು ಕೇಬಲ್ಲನ್ನು ಅಂಗಳದ ಮೇಲಿನಿಂದ ಎಳೆದು ಎರಡು ತುದಿಗಳಲ್ಲಿ ಒಂದೊಂದು ಸ್ವಿಚ್ಚನ್ನು ಇರಿಸಲಾಗಿತ್ತು. ವೈಶಾಖದ ಅಡ್ಡಮಳೆಯ ಒಂದು ಸಂಜೆ ಮನೆಯ ಹಿಂದಣ ಬೆಟ್ಟದ ಮರವೊಂದಕ್ಕೆ ಸಿಡಿಲು ಬಡಿಯಿತು. ಮನೆಗೆ ಯಾವ ಅಪಾಯವೂ ಆಗದಿದ್ದರೂ ಎರಡು ಸ್ವಿಚ್ಚುಗಳೂ ಒಂದು ಪ್ಲೇಯರೂ ನಿಷ್ಪ್ರಯೋಜಕವಾದವು. ಈಥರ್‌ನೆಟ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು ಅವು ಸುಮಾರು 1500 ವೋಲ್ಟಿನ ವ್ಯತ್ಯಾಸವನ್ನು ತಡೆಯುವಂತೆ ರಚಿತವಾಗಿವೆಯೆಂಬುದು ನಿಜ. ಆದರೆ ಸಮೀಪದಲ್ಲಿ ಸಿಡಿಲು ಬಿದ್ದಾಗ ಬಯಲಿನಲ್ಲಿ ಚಾಚಿಕೊಂಡ ಉದ್ದನೆಯ ತಂತಿಯಲ್ಲಿ ಪ್ರೇರಿತವಾಗುವ ವಿದ್ಯುತ್ತು, ಎರಡು ಕಟ್ಟಡಗಳ ನೆಲದ ನಡುವೆ ಆ ಕ್ಷಣದಲ್ಲಿ ತಲೆದೋರುವ ವೋಲ್ಟೇಜಿನ ಅಂತರ, ಇವು ಆ ಮಿತಿಯನ್ನು ಎಷ್ಟೋ ಪಾಲು ಮೀರಿ ಹೋಗುತ್ತವೆ.

ಇದಕ್ಕೆ ನಾನು ಕಂಡ ನಿಶ್ಚಿತವಾದ ಪರಿಹಾರ ಒಂದೇ: ಎರಡು ಕಟ್ಟಡಗಳ ನಡುವೆ ತಾಮ್ರವನ್ನು ಎಳೆಯದಿರುವುದು. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದು. ತಾಮ್ರದ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮರಳಿ ತಾಮ್ರದ ಸಂಕೇತವಾಗಿಯೂ ಬದಲಿಸುವ ಎರಡು ಮೀಡಿಯಾ ಕನ್ವರ್ಟರುಗಳನ್ನು ತರಿಸಿ, ಊರೂರಿಗೆ ಫೈಬರ್ ಸಂಪರ್ಕವನ್ನು ಕೊಡುತ್ತಿರುವ ಹುಡುಗರಿಂದಲೇ ಎರಡು ತುದಿಗಳನ್ನು ಬೆಸೆಯಿಸಿ, ಅಂಗಳದ ಅಡ್ಡಕ್ಕೆ ಆಪ್ಟಿಕಲ್ ಫೈಬರನ್ನು ಹಾಕಿಸಿದೆವು. ಇಲ್ಲಿ ಒಂದು ಸೂಕ್ಷ್ಮವುಂಟು. ಕಂಬದಿಂದ ಕಂಬಕ್ಕೆ ಎಳೆಯುವ ಚಪ್ಪಟೆ ಫೈಬರ್ ಕೇಬಲ್ಲಿನ ಪಕ್ಕದಲ್ಲಿ ಬಲಕ್ಕಾಗಿ ಒಂದು ಉಕ್ಕಿನ ತಂತಿಯಿರುತ್ತದೆ. ಅದು ವಿದ್ಯುತ್ತನ್ನು ಒಯ್ಯಬಲ್ಲುದಾದ್ದರಿಂದ ಮಾಡಿನ ಹೊರಗೇ ಅದನ್ನು ಸೀಳಿ ಬಿಗಿದು ನಿಲ್ಲಿಸಿ, ಬರಿಯ ಗಾಜಿನೆಳೆಯ ಭಾಗವನ್ನಷ್ಟೇ ಒಳಗೆ ತರುವುದು ಯುಕ್ತ. ಹೀಗೆ ಮಾಡಿದರೂ ವಿದ್ಯುತ್ ಕಂಬದ ಮಾರ್ಗವಾಗಿ ಸಿಡಿಲಿನ ಆಘಾತವು ಬರುವುದುಂಟು. ಆದುದರಿಂದ ಗುಡುಗು ದೂರದಲ್ಲಿ ಕೇಳಿಸಿದೊಡನೆ ಅಡಾಪ್ಟರುಗಳನ್ನು ಕಿತ್ತಿಡುವ ರೂಢಿಯನ್ನು ಅಕ್ಕ ಇಂದಿಗೂ ಬಿಟ್ಟಿಲ್ಲ.

ಅದೇ ಮನೆಯಲ್ಲಿ ಇನ್ನೊಂದು ತೊಡಕು ನನ್ನನ್ನು ಬಹಳ ಕಾಡಿತು. ಸುಟ್ಟುಹೋದವುಗಳ ಬದಲಿಗೆ ಭಾವನವರು ಹೆಚ್ಚಿನ ಅನುಕೂಲಗಳುಳ್ಳ, ಒಳಗೆ ಹೊಕ್ಕು ಹೊಂದಿಸಬಹುದಾದ ಸ್ವಿಚ್ಚನ್ನು ತಂದಿದ್ದರು. ಪ್ಲೇಯರಿನ ಹೆಸರು ಫೋನಿನ ಪಟ್ಟಿಯಲ್ಲಿ ಮೊದಲು ಕಾಣಿಸಿಕೊಂಡು, ನಾಲ್ಕೈದು ನಿಮಿಷಗಳೊಳಗೆ ಅದೃಶ್ಯವಾಗುವುದು. ಸ್ವಿಚ್ಚನ್ನು ಆರಿಸಿ ಹೊತ್ತಿಸಿದರೆ ಮರಳಿ ಬರುವುದು, ಮತ್ತೆ ಮಾಯವಾಗುವುದು. ಮನೆಯ ಪ್ಲೇಯರುಗಳಲ್ಲಿ ಹಲವು ತಮ್ಮ ಇರವನ್ನು ಸಾರುವುದು ಮಲ್ಟಿಕಾಸ್ಟ್ ಎಂಬ ಸಾಮೂಹಿಕ ಸಂದೇಶದಿಂದ. ಐಜಿಎಂಪಿ ಸ್ನೂಪಿಂಗ್ ಎಂಬ ಏರ್ಪಾಡುಳ್ಳ ಸ್ವಿಚ್ಚು ಆ ಸಂದೇಶವನ್ನು ಕೇಳಬಯಸುವವರ ಯಾದಿಯನ್ನು ಇಟ್ಟುಕೊಂಡು ಅವರಿಗೆ ಮಾತ್ರ ಕಳಿಸುತ್ತದೆ. ಯಾದಿ ತಾಜಾ ಆಗಿರಬೇಕಾದರೆ "ಯಾರು ಇದ್ದೀರಿ?" ಎಂದು ಆಗಾಗ ವಿಚಾರಿಸುವ ಕ್ವೇರಿಯರ್ ಒಂದು ಜಾಲದಲ್ಲಿ ಇರಲೇಬೇಕು, ವಿಚಾರಿಸುವವರೇ ಇಲ್ಲದಿದ್ದರೆ ರೂಢಿಯ ಅವಧಿಯಾದ 260 ಸೆಕೆಂಡುಗಳು ಕಳೆದ ಮೇಲೆ ಸ್ವಿಚ್ಚು ಎಲ್ಲರ ಹೆಸರನ್ನೂ ಹೊಡೆದುಹಾಕುತ್ತದೆ. ನಾಲ್ಕೈದು ನಿಮಿಷಗಳ ಗೂಢ ಇದೇ. ಕ್ವೇರಿಯರನ್ನು ಚಾಲನೆಗೆ ತಂದೊಡನೆ ಎಲ್ಲವೂ ಸರಿಹೋಯಿತು. ಆದರೂ, ಬೆರಳೆಣಿಕೆಯ ಪ್ಲೇಯರುಗಳಿರುವ ಮನೆಗೆ ಇಂಥ ಸ್ವಿಚ್ಚೇಕೆಂಬುದೇ ನನ್ನ ಅಭಿಪ್ರಾಯ. ಹೊಂದಿಸಲು ಏನೂ ಇಲ್ಲದ, ಲೋಹದ ಪೆಟ್ಟಿಗೆಯ, ಎಂಟು ಪೋರ್ಟಿನ ಸಾಧಾರಣ ಸ್ವಿಚ್ಚು ಅಲ್ಲಿ ಸಾಕು.

ಯಲ್ಲಾಪುರದಲ್ಲಿ ತೊಂದರೆಯಿದ್ದದ್ದು ಕರೆಂಟಿನದು. ಮಳೆಗಾಲದಲ್ಲಿ ಕರೆಂಟು ಹೋದಾಗ ಇನ್ವರ್ಟರ್ ಮನೆಯನ್ನು ಹಿಡಿದುಕೊಳ್ಳುವ ಆ ಅರೆಗಳಿಗೆಯಲ್ಲಿ ರೌಟರೂ ಸ್ವಿಚ್ಚೂ ಮೊದಲಿನಿಂದ ಎದ್ದು ಕೂರಬೇಕಾಗುತ್ತಿತ್ತು. ರೌಟರಿಗೆಂದೇ ದೊರೆಯುವ, ಅಂಗೈಯಗಲದ ಡಿಸಿ ಯುಪಿಎಸ್ ಆ ಕೊರತೆಯನ್ನು ನೀಗಿತು. ಕೊಳ್ಳುವಾಗ ಸ್ವಿಚ್ಚಿನ ವೋಲ್ಟೇಜು 5 ಇದೆಯೋ, 9 ಇದೆಯೋ, 12 ಇದೆಯೋ ಎಂದು ಹಿಂಬದಿಯ ಚೀಟಿಯನ್ನು ಓದಿಕೊಳ್ಳಬೇಕು.

ಆ ಸ್ನೇಹಿತರು ಧ್ವನಿಯನ್ನು ಶುದ್ಧಗೊಳಿಸುವುದೆಂದು ಪ್ರಚಾರವಾಗುವ, ಸಾಮಾನ್ಯ ಸ್ವಿಚ್ಚಿನ ಹತ್ತಾರು ಪಟ್ಟು ಬೆಲೆಯುಳ್ಳ ಸ್ವಿಚ್ಚೊಂದನ್ನು ಪರಿಚಿತರಿಂದ ತರಿಸಿದ್ದರು. ಒಬ್ಬರು ಒಳಗಿನ ಕೋಣೆಯಲ್ಲಿ ಸ್ವಿಚ್ಚುಗಳನ್ನು ಅದಲುಬದಲು ಮಾಡುವುದು, ಯಾವುದು ನಡೆಯುತ್ತಿದೆಯೆಂಬುದನ್ನು ತಿಳಿಯದ ನಾವು ಹೊರಗೆ ಕುಳಿತು ಕಿವಿಗೊಡುವುದು, ಹೀಗೆ ಪರೀಕ್ಷಿಸಿದೆವು. ಮನಸೂರರ ಸ್ವರದಲ್ಲಿ ಯಾರಿಗೂ ಭೇದ ತೋರಲಿಲ್ಲ. ತೋರುವ ಕಾರಣವೂ ಇಲ್ಲ: ದಾರಿಯಲ್ಲಿ ಒಂದು ತುಣುಕು ತಪ್ಪಿದರೆ ಪ್ಲೇಯರು ಅದನ್ನು ಮರಳಿ ಕೇಳಿ ತರಿಸಿಕೊಳ್ಳುತ್ತದೆ, ಬಂದುದನ್ನು ತನ್ನ ಸ್ಮೃತಿಯಲ್ಲಿ ಕೆಲವು ಕ್ಷಣ ಕೂಡಿಡುತ್ತದೆ; ಅಂಕಿಗಳನ್ನು ಧ್ವನಿಯಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಭಾಗವು ತನ್ನದೇ ಸ್ಫಟಿಕದ ಗಡಿಯಾರದ ಗತಿಯಲ್ಲಿ ಅದನ್ನು ನಾದವಾಗಿಸುತ್ತದೆ. ಸ್ವಿಚ್ಚಿನ ಗತಿಯು ಆ ನಾದದೊಳಕ್ಕೆ ಹೊಗಲು ಅಲ್ಲಿ ಎಡೆಯೇ ಇಲ್ಲ. ಲೋಹದ ಕವಚವುಳ್ಳ ಕೇಬಲ್ಲುಗಳಿಂದ ಎರಡು ಸಾಧನಗಳ ಭೂಸಂಪರ್ಕಗಳು ಕೂಡಿಕೊಂಡು ಗುಂಯ್‌ಗುಡುವ ಸಂದರ್ಭವೊಂದು ಇರಬಹುದು; ಅದಕ್ಕೆ ಕವಚವಿಲ್ಲದ ಸಾಧಾರಣ ಕೇಬಲ್ಲೇ ಮದ್ದು. ದುಬಾರಿಯ ಸ್ವಿಚ್ಚನ್ನು ಸ್ನೇಹಿತರು ಹಿಂದಿರುಗಿಸಿದರು. ಅದರ ಹಣದಲ್ಲಿ ಸ್ವಲ್ಪವನ್ನು ಒಂದು ಒಳ್ಳೆಯ ಜೋಡಿ ಸ್ಪೀಕರಿಗೂ, ಉಳಿದದ್ದನ್ನು ತಮ್ಮ ತಂದೆಯವರ ತಾಳಮದ್ದಲೆಯ ಕ್ಯಾಸೆಟ್ಟುಗಳು ಬೂಸಲು ಹಿಡಿದು ಹಾಳಾಗುವ ಮುನ್ನ ಅವನ್ನು ಗಣಕಕ್ಕೆ ಇಳಿಸುವ ಡೆಕ್ಕಿನ ದುರಸ್ತಿಗೂ ವಿನಿಯೋಗಿಸಿದ್ದಾರೆ.