ಬ್ಯಾಗಿನ ಜೊತೆ ತಿಗಣೆ ಮನೆಗೆ ಬಾರದಂತೆ

ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಹೊರಡುವಾಗ ಟಿಕೆಟ್, ಮಾತ್ರೆ, ನೀರಿನ ಬಾಟಲಿಯ ಪಟ್ಟಿಗೆ ಬಾಯಿ ಬಿಗಿದು ಕಟ್ಟಬಹುದಾದ ನಾಲ್ಕೈದು ದಪ್ಪ ಪ್ಲಾಸ್ಟಿಕ್ ಚೀಲಗಳನ್ನೂ ಸೇರಿಸಿಕೊಳ್ಳಿ. ತಿಗಣೆ ಹಾರುವುದಿಲ್ಲ, ನೆಗೆಯುವುದೂ ಇಲ್ಲ. ದೂರದೂರಿನ ತಿಗಣೆ ನಿಮ್ಮ ಮಂಚ ಸೇರಿದೆಯೆಂದರೆ ನಿಮ್ಮ ಸಾಮಾನೇ ಅದನ್ನು ಹೊತ್ತು ತಂದಿರುತ್ತದೆ. ಹಾಗಾಗಿ ಕಾಯಬೇಕಾದದ್ದು ಬ್ಯಾಗನ್ನು.

ತಂಗುವ ಕೋಣೆಗೆ ಬಾಡಿಗೆ ಹೆಚ್ಚು ಕೊಟ್ಟ ಮಾತ್ರಕ್ಕೆ ನಿಶ್ಚಿಂತೆ ಬೇಡ. ತಿಗಣೆಗೆ ಬೇಕಿರುವುದು ಕೊಳೆಯಲ್ಲ, ಮಲಗಿದವರ ರಕ್ತ. 2023ರಲ್ಲಿ ಪ್ಯಾರಿಸ್ಸಿನಂಥ ನಗರವೇ ತಿಗಣೆಯಿಂದ ಗಾಬರಿಗೊಂಡಿತ್ತು.

ಲಾಡ್ಜಿನ ಕೋಣೆಗೆ ಕಾಲಿಟ್ಟೊಡನೆ ಬ್ಯಾಗನ್ನು ಹಾಸಿಗೆಯ ಮೇಲೆ ಎಸೆಯುವ ಅಭ್ಯಾಸ ಬಿಡಿ. ಮೊದಲು ಅದನ್ನು ಬಾತ್‌ರೂಮಿನ ಒಣ ನೆಲದ ಮೇಲಿಡಿ. ಆಮೇಲೆ ಬೆಡ್‌ಶೀಟ್ ಎತ್ತಿ, ಮೊಬೈಲಿನ ಟಾರ್ಚ್ ಹಿಡಿದು, ಹಾಸಿಗೆಯ ನಾಲ್ಕೂ ಮೂಲೆ, ಅಂಚಿನ ಹೊಲಿಗೆ, ಮಂಚದ ಸಂದುಗಳು, ತಲೆಯ ಕಡೆಯ ಹಲಗೆಯ ಹಿಂಭಾಗ, ಸೋಫಾದ ಮಡಿಕೆ ಎಲ್ಲವನ್ನೂ ನೋಡಿ. ಬೆಳೆದ ತಿಗಣೆ ನಾಲ್ಕೈದು ಮಿಲಿಮೀಟರ್ ಉದ್ದದ, ಚಪ್ಪಟೆಯಾದ, ಕೆಂಗಂದು ಬಣ್ಣದ ಹುಳು. ಮರಿಗಳು ಬಣ್ಣವೇ ಇಲ್ಲದಷ್ಟು ಪೇಲವ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಹುಳುವಿಗಿಂತ ಅದರ ಗುರುತು ಹುಡುಕುವುದು ಮೇಲು. ಪೆನ್ನಿನ ಮಸಿ ಇಂಗಿದಂತೆ ಕಾಣುವ ಕಪ್ಪು ಚುಕ್ಕೆಗಳು ಅದರ ಹಿಕ್ಕೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹರಡುತ್ತವೆ. ಕಳಚಿದ ಪೊರೆಗಳೂ ಸಿಗಬಹುದು. ಗುರುತು ಕಂಡರೆ ಸಂಕೋಚಪಡದೆ ಬೇರೆ ಕೋಣೆ ಕೇಳಿ. ಪಕ್ಕದ್ದು, ನೇರ ಮೇಲಿನದು, ಕೆಳಗಿನದು ಬೇಡ.

ಹಾಕಿ ಬಿಟ್ಟ ಬಟ್ಟೆಯನ್ನು ಕುರ್ಚಿಯ ಮೇಲೋ ನೆಲದ ಮೇಲೋ ರಾಶಿ ಹಾಕಬೇಡಿ. ಮೈವಾಸನೆ ಉಳಿದ ಬಟ್ಟೆ ಒಗೆದ ಬಟ್ಟೆಗಿಂತ ಹೆಚ್ಚು ತಿಗಣೆಗಳನ್ನು ಸೆಳೆಯುತ್ತದೆಂದು 2017ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ತಂದ ಪ್ಲಾಸ್ಟಿಕ್ ಚೀಲ ಇದಕ್ಕೇ: ಕಳಚಿದ ಬಟ್ಟೆ ಅದರೊಳಗೆ, ಬಾಯಿ ಬಿಗಿದು. ಛತ್ರದಲ್ಲಿ ಚಾಪೆಯ ಮೇಲೆ ಮಲಗುವಾಗಲೂ, ಸ್ಲೀಪರ್ ಬಸ್ಸಿನಲ್ಲೂ ಇಡೀ ಬ್ಯಾಗನ್ನೇ ದೊಡ್ಡ ಚೀಲದೊಳಗೆ ಕಟ್ಟಿಟ್ಟರೆ ಒಳ್ಳೆಯದು.

ಮನೆಗೆ ಬಂದ ದಿನ ಎಷ್ಟೇ ದಣಿದಿದ್ದರೂ ಬ್ಯಾಗು ಮಲಗುವ ಕೋಣೆಗೆ ಹೋಗಬಾರದು. ಬಾಲ್ಕನಿಯಲ್ಲೋ ತಾರಸಿಯ ಮೇಲೋ ಬಿಚ್ಚಿ. ಹಾಕಿದ್ದು, ಹಾಕದ್ದು ಎನ್ನದೆ ಬಟ್ಟೆಯೆಲ್ಲ 60 ಡಿಗ್ರಿ ಬಿಸಿನೀರಿನಲ್ಲಿ ಒಗೆತಕ್ಕೆ ಹೋಗಲಿ. ಡ್ರೈಯರ್ ಇದ್ದರೆ ಹೆಚ್ಚಿನ ಶಾಖದಲ್ಲಿ ಅರ್ಧ ಗಂಟೆ ಸಾಕು. ತಿಗಣೆಯನ್ನೂ ಅದರ ಮೊಟ್ಟೆಯನ್ನೂ ಕೊಲ್ಲುವುದು ಶಾಖ, ಸೋಪಲ್ಲ. ಬಿಸಿನೀರು ತಡೆಯದ ರೇಷ್ಮೆ ಸೀರೆಯನ್ನು ಚೀಲದಲ್ಲಿ ಕಟ್ಟಿಯೇ ಡ್ರೈಕ್ಲೀನಿಂಗಿಗೆ ಒಯ್ದು, ವಿಷಯ ಹೇಳಿ ಕೊಡಿ. ಬಿಸಿಲನ್ನೇ ಪೂರ್ತಿ ನಂಬಬೇಡಿ. ಕಲಬುರಗಿಯ ಮೇ ಬಿಸಿಲಲ್ಲೂ ಹರವಿದ ಬಟ್ಟೆಯಿಂದ ತಿಗಣೆ ನೆರಳಿಗೆ ಸರಿದುಬಿಡುತ್ತದೆ, ಗಂಟಿನ ನಡುಭಾಗಕ್ಕೆ ಶಾಖ ಮುಟ್ಟುವುದೇ ಇಲ್ಲ. ಒಗೆಯಲಾಗದ ಪುಸ್ತಕ, ಬೊಂಬೆಗಳನ್ನು ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ನಾಲ್ಕು ದಿನ ಇಡಬಹುದು. ಖಾಲಿ ಬ್ಯಾಗಿನ ಜಿಪ್ಪು, ಹೊಲಿಗೆ, ಚಕ್ರದ ಸಂದುಗಳನ್ನು ಬ್ರಷ್ಷಿನಿಂದ ಉಜ್ಜಿ, ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿ. ಮಂಚದ ಕೆಳಗೆ ಬೇಡವೇ ಬೇಡ. ರಕ್ತವಿಲ್ಲದೆಯೂ ತಿಗಣೆ ತಿಂಗಳುಗಟ್ಟಲೆ ಬದುಕುತ್ತದೆ.

ಕಚ್ಚಿದ ಗುರುತು ಕೆಲವರಲ್ಲಿ ಎರಡು ವಾರ ತಡವಾಗಿ ಏಳುತ್ತದೆ, ಕೆಲವರಲ್ಲಿ ಏಳುವುದೇ ಇಲ್ಲ. ಆದ್ದರಿಂದ ಒಂದೆರಡು ತಿಂಗಳು ವಾರಕ್ಕೊಮ್ಮೆ ನಿಮ್ಮ ಹಾಸಿಗೆಯ ಹೊಲಿಗೆಗಳನ್ನೂ ನೋಡುತ್ತಿರಿ. ತಿಗಣೆ ರೋಗ ಹರಡಿದ್ದಕ್ಕೆ ಆಧಾರವಿಲ್ಲ. ತುರಿಕೆ, ನಿದ್ದೆಗೇಡು ಮಾತ್ರ ನಿಜ.

ಅದಕ್ಕಿಂತ ದೊಡ್ಡ ಅಪಾಯ ತಿಗಣೆಯ ಮದ್ದಿನಲ್ಲಿದೆ. ಧಾನ್ಯದ ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗೆ ಇಟ್ಟು, ಅದರ ಅನಿಲಕ್ಕೆ ಮಕ್ಕಳೂ ದೊಡ್ಡವರೂ ಬಲಿಯಾದ ಘಟನೆಗಳು ನಮ್ಮ ದೇಶದಲ್ಲಿ ನಡೆದಿವೆ. ಆ ಮಾತ್ರೆಯನ್ನು ಯಾರೇ ಕೊಟ್ಟರೂ ಒಳಗೆ ತರಬೇಡಿ. ಸೀಮೆಎಣ್ಣೆ ಎರಚುವುದೂ ಬೇಡ. ಅಂಗಡಿಯ ಸ್ಪ್ರೇಗಳಿಗೆ ಎಷ್ಟೋ ಕಡೆಯ ತಿಗಣೆಗಳು ಜಗ್ಗುವುದೇ ಇಲ್ಲ. ಕೀಟನಿಯಂತ್ರಣದವರನ್ನು ಕರೆಸಿದರೆ ಯಾವ ಔಷಧ, ಎಷ್ಟು ಹೊತ್ತು ಹೊರಗಿರಬೇಕು, ಮತ್ತೆ ಯಾವಾಗ ಬರುತ್ತಾರೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.