ಚಿತ್ರವನ್ನು ನೋಡುವ ಬಗೆ

ಚಿತ್ರವನ್ನು ಕಂಡೊಡನೆ ನಾವು ಬರೆದವರಾರೆಂದು ಕೇಳುತ್ತೇವೆ; ಬರೆದುದೇನೆಂದು ನಿಂತು ನೋಡುವುದಿಲ್ಲ. ಇದರಿಂದಾಗುವ ಅನ್ಯಾಯಕ್ಕೊಂದು ನಿದರ್ಶನವುಂಟು. ಹಾಲೆಂಡ್ ದೇಶದ ಹಾರ್ಲೆಮ್ ನಗರದ ಜೂಡಿತ್ ಲೈಸ್ಟರ್ ಎಂಬಾಕೆ 1633ರಲ್ಲಿ ಅಲ್ಲಿಯ ಚಿತ್ರಕಾರರ ಸಂಘವನ್ನು ಸೇರಿದಳು. 1660ರಲ್ಲಿ ಆಕೆ ತೀರಿಕೊಂಡ ಬಳಿಕ ಆಕೆಯ ಹಲವು ಕೃತಿಗಳು ಪ್ರಸಿದ್ಧನಾದ ಫ್ರಾನ್ಸ್ ಹಾಲ್ಸನವೆಂದೇ ಎಣಿಸಲ್ಪಟ್ಟುವು. 1893ರಲ್ಲಿ ವಿದ್ವಾಂಸನೊಬ್ಬನು ಅಂತಹ ಚಿತ್ರವೊಂದನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಆಕೆಯ ಹೆಸರಿನ ಮೊದಲಕ್ಷರಗಳನ್ನೂ ಪುಟ್ಟ ನಕ್ಷತ್ರವನ್ನೂ ಗುರುತಿಸಿದನು. ಲೈಸ್ಟರ್ ಎಂದರೆ ದಾರಿ ತೋರುವ ನಕ್ಷತ್ರ!

ವಾಷಿಂಗ್ಟನ್ನಿನಲ್ಲಿರುವ ಆತ್ಮಚಿತ್ರದಲ್ಲಿ ಆಕೆ ಕುಂಚ ಹಿಡಿದು, ಕೆಲಸದ ನಡುವೆ ನಮ್ಮತ್ತ ತಿರುಗಿ ನಗುತ್ತಾಳೆ; ಆಕೆ ಬರೆಯುತ್ತಿರುವ ಪಿಟೀಲುಗಾರನೂ ನಗುತ್ತಾನೆ. ತನ್ನ ಕಸುಬಿನಲ್ಲಿ ನೆಲೆನಿಂತವಳ ನಗೆಯದು. ಮಕ್ಕಳಿಗೆ ಚಿತ್ರ ತೋರಿಸುವ ತಾಯಂದಿರೇ, ಮೊದಲು ಕಂಡುದನ್ನು ಹೇಳಿಸಿರಿ. ಹೆಸರನ್ನು ಆಮೇಲೆ ತಿಳಿಸಿರಿ.