ಯಂತ್ರಸಮೂಹಕ್ಕೆ ತಕ್ಕ ಕರ್ಣಧಾರ

೧೯೫೬ನೆಯ ಇಸವಿ ಏಪ್ರಿಲ್ ೨೬ರಂದು 'ಐಡಿಯಲ್ ಎಕ್ಸ್' ಎಂಬ ಹಡಗು ೫೮ ಲೋಹದ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂಆರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಮ್ಯಾಲ್ಕಮ್ ಮೆಕ್‌ಲೀನ್ ಎಂಬ ಸಾಗಣೆ ಉದ್ಯಮಿಯ ಈ ಪ್ರಯೋಗದ ಮರ್ಮ ಬಹು ಸರಳವಾದುದು. ಒಳಗಿನ ಸರಕು ಯಾವುದೇ ಆಗಿರಲಿ, ಹೊರಗಿನ ಪೆಟ್ಟಿಗೆಯ ಅಳತೆ ಒಂದೇ ಆಗಿದ್ದರೆ ಹಡಗು, ರೈಲು, ಲಾರಿಗಳೆಲ್ಲವೂ ಅದನ್ನು ಹೊರಬಲ್ಲವು. ಗಣಕಗಳ ಲೋಕದಲ್ಲಿ ಇಂದು ಬಳಕೆಯಲ್ಲಿರುವ 'ಕಂಟೇನರ್' ಎಂಬ ಏರ್ಪಾಡು ಇದೇ ತತ್ತ್ವವನ್ನು ಅವಲಂಬಿಸಿದೆ.

ಪೆಟ್ಟಿಗೆಯೂ ಕರ್ಣಧಾರನೂ

ಒಂದು ತಂತ್ರಾಂಶವನ್ನೂ ಅದು ನಡೆಯಲು ಬೇಕಾದ ಸಹಾಯಕ ಕಡತಗಳನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟೇ ಕಂಟೇನರ್. ೨೦೧೩ರಲ್ಲಿ ಬಂದ 'ಡಾಕರ್' ಇದನ್ನು ಸರ್ವರಿಗೂ ಸುಲಭಗೊಳಿಸಿತು. ಪೆಟ್ಟಿಗೆಗಳು ಹತ್ತಿದ್ದರೆ ಮನುಷ್ಯನೇ ನೋಡಿಕೊಳ್ಳಬಹುದು. ಸಾವಿರಾರು ಯಂತ್ರಗಳ ಮೇಲೆ ಹರಡಿದ್ದರೆ ಯಾವುದು ಎಲ್ಲಿ ನಡೆಯಬೇಕು, ಯಂತ್ರವೊಂದು ಕೆಟ್ಟರೆ ಅದರ ಕೆಲಸವನ್ನು ಯಾವುದಕ್ಕೆ ವಹಿಸಬೇಕು ಎಂಬುದನ್ನು ನಿರ್ಣಯಿಸಲು ಒಬ್ಬ ಮೇಲ್ವಿಚಾರಕ ಬೇಕು. ಗೂಗಲ್ ಸಂಸ್ಥೆ ೨೦೧೪ರಲ್ಲಿ ಪ್ರಕಟಿಸಿದ 'ಕುಬರ್ನೆಟಿಸ್' ಇಂಥ ಮೇಲ್ವಿಚಾರಕ. ಈ ಗ್ರೀಕ್ ಪದಕ್ಕೆ ಚುಕ್ಕಾಣಿ ಹಿಡಿಯುವವನು, ಅರ್ಥಾತ್ ಕರ್ಣಧಾರ ಎಂದು ಅರ್ಥ. "ಈ ಸೇವೆಯ ಐದು ಪ್ರತಿಗಳು ಸದಾ ನಡೆಯುತ್ತಿರಲಿ" ಎಂದು ತಿಳಿಸಿದರೆ ಸಾಕು. ಇರುವ ಸ್ಥಿತಿಯನ್ನು ಬೇಕಾದ ಸ್ಥಿತಿಯೊಡನೆ ಹೋಲಿಸುತ್ತ, ಕೊರತೆಯಾದಾಗ ಅದು ತಾನೇ ತುಂಬಿಕೊಡುತ್ತದೆ.

ಕಲಿಸುವ ಕೆಲಸ, ಉತ್ತರಿಸುವ ಕೆಲಸ

ಕೃತಕ ಬುದ್ಧಿಮತ್ತೆಯ ಕೆಲಸಗಳಲ್ಲಿ ಎರಡು ಬಗೆ. ಮೊದಲನೆಯದು ಮಾದರಿಗೆ ಕಲಿಸುವುದು. ಎರಡನೆಯದು ಕಲಿತ ಮಾದರಿಯಿಂದ ಜನರ ಪ್ರಶ್ನೆಗಳಿಗೆ ಉತ್ತರ ಪಡೆಯುವುದು. ಉತ್ತರಿಸುವ ಕೆಲಸದಲ್ಲಿ ಬೇಡಿಕೆ ಗಳಿಗೆಗಳಿಗೆಗೂ ಏರಿಳಿಯುತ್ತದೆ. ಪ್ರತಿಗಳನ್ನು ಹೆಚ್ಚಿಸಿ ತಗ್ಗಿಸುವ ಕುಬರ್ನೆಟಿಸ್ ಇದಕ್ಕೆ ಹೇಳಿಮಾಡಿಸಿದಂತಿದೆ.

ಕಲಿಸುವ ಕೆಲಸದ ಸ್ವಭಾವ ಬೇರೆ. ಅಲ್ಲಿ ಅನೇಕ ಜಿ.ಪಿ.ಯು.ಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು. ಒಂದು ನಿದರ್ಶನವನ್ನು ನೋಡೋಣ. ನಮ್ಮಲ್ಲಿ ೮ ಜಿ.ಪಿ.ಯು.ಗಳಿವೆ, ತಲಾ ೬ ಬೇಕೆನ್ನುವ ಎರಡು ಕೆಲಸಗಳು ಬಂದಿವೆ. ಮೇಲ್ವಿಚಾರಕನು ಒಂದೊಂದಾಗಿ ಹಂಚುತ್ತ ಹೋಗಿ ಇಬ್ಬರಿಗೂ ೪ರಂತೆ ಕೊಟ್ಟನೆನ್ನಿ. ಆಗ ಎರಡೂ ಕೆಲಸಗಳು ಇನ್ನೆರಡಕ್ಕಾಗಿ ಕಾಯುತ್ತವೆ, ಯಾವುದೂ ಆರಂಭವಾಗುವುದಿಲ್ಲ, ಎಂಟೂ ಯಂತ್ರಗಳ ಬಾಡಿಗೆ ಮಾತ್ರ ಏರುತ್ತಲೇ ಇರುತ್ತದೆ. 'ಕೊಟ್ಟರೆ ಆರನ್ನೂ ಕೊಡು, ಇಲ್ಲವಾದರೆ ಒಂದನ್ನೂ ಕೊಡಬೇಡ' ಎಂಬ ನಿಯಮವೇ ಇದಕ್ಕೆ ಪರಿಹಾರ. ಬಿಡಿಬಿಡಿಯಾಗಿ ಹಂಚುವ ಕ್ರಮದಿಂದ ಬೆಳೆದ ಕುಬರ್ನೆಟಿಸ್‌ಗೆ 'ವಾಲ್ಕೇನೋ', 'ಕ್ಯೂ' ಮುಂತಾದ ಜೊತೆಗಾರ ತಂತ್ರಾಂಶಗಳು ಈ ನಿಯಮವನ್ನು ಒದಗಿಸುತ್ತವೆ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ ಹುಟ್ಟಿದ 'ಸ್ಲರ್ಮ್'ಗೆ ಈ ನಿಯಮ ಮೊದಲಿನಿಂದಲೂ ಸಹಜವಾದುದು. ಸರತಿಯಲ್ಲಿ ನಿಲ್ಲಿಸಿ, ಬೇಕಾದಷ್ಟು ಯಂತ್ರಗಳು ಒಟ್ಟಿಗೆ ದೊರೆತಾಗ ಕೆಲಸವನ್ನು ಬಿಡುವುದೇ ಅದರ ಕ್ರಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ' ಮಹಾಗಣಕದಲ್ಲಿಯೂ ಕೆಲಸಗಳು ಸ್ಲರ್ಮ್ ಮೂಲಕವೇ ಸಾಗುತ್ತವೆ. ಆದರೆ ಜನರಿಗಾಗಿ ಸೇವೆಯೊಂದನ್ನು ಹಗಲಿರುಳೂ ತೆರೆದಿಡುವುದು ಸ್ಲರ್ಮ್‌ನ ಮೂಲೋದ್ದೇಶವಲ್ಲ.

ಯಂತ್ರಗಳು ಕೆಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೆಟಾ ಸಂಸ್ಥೆ ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, 'ಲಾಮಾ ೩' ಮಾದರಿಗೆ ೧೬,೩೮೪ ಜಿ.ಪಿ.ಯು.ಗಳ ಮೇಲೆ ಕಲಿಸುತ್ತಿದ್ದಾಗ ೫೪ ದಿನಗಳ ಅವಧಿಯಲ್ಲಿ ೪೧೯ ಸಲ ಅನಿರೀಕ್ಷಿತ ತಡೆಯುಂಟಾಯಿತು. ಸರಾಸರಿ ಮೂರು ಗಂಟೆಗೊಂದು ತಡೆ! ಆದರೂ ಶೇಕಡ ೯೦ಕ್ಕಿಂತ ಹೆಚ್ಚು ಕಾಲ ಸಾರ್ಥಕವಾಗಿ ಕಲಿಕೆ ನಡೆಯಿತು. ಆಗಾಗ ಕಲಿತಷ್ಟನ್ನು ಉಳಿಸಿಟ್ಟು, ಕೆಟ್ಟ ಯಂತ್ರವನ್ನು ಬೇಗ ಗುರುತಿಸಿ, ಅಲ್ಲಿಂದಲೇ ಮುಂದುವರಿಸುವ ಏರ್ಪಾಡಿನ ಫಲವಿದು.

ಬಾಡಿಗೆಯೋ, ಸ್ವಂತವೋ?

ಕ್ಲೌಡ್ ಎಂದರೆ ಬಾಡಿಗೆಯ ಗಣಕ. ಕೆಲಸ ಅಪರೂಪಕ್ಕೆ ಬರುವುದಾದರೆ ಅದು ಲಾಭಕರ. ಯಂತ್ರಗಳು ವರ್ಷವಿಡೀ ದುಡಿಯುವಂತಿದ್ದರೆ ಸ್ವಂತದವು ಅಗ್ಗವಾಗಬಹುದು. ಆದರೆ ವಿದ್ಯುತ್ತು, ತಂಪುಗೊಳಿಸುವ ಏರ್ಪಾಡು, ಬಲ್ಲ ಸಿಬ್ಬಂದಿ ಇವುಗಳ ಹೊಣೆಯೂ ನಮ್ಮದಾಗುತ್ತದೆ. ಎರಡನ್ನೂ ಬಳಸುವವರಿಗೆ ಒಂದೇ ಕರ್ಣಧಾರನಿದ್ದರೆ ಅನುಕೂಲ. ಕುಬರ್ನೆಟಿಸ್ ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್‌ಗಳ ಕ್ಲೌಡಿನಲ್ಲಿಯೂ ಸ್ವಂತ ಯಂತ್ರಾಗಾರದಲ್ಲಿಯೂ ದೊರೆಯುವುದರಿಂದ ಅದಕ್ಕೆ ಮನ್ನಣೆ ಹೆಚ್ಚು.

ಆದರೆ ಪೆಟ್ಟಿಗೆ ಹಗುರವಾದರೂ ದತ್ತಾಂಶ ಹಗುರವಲ್ಲ. ೧೦೦ ಟೆರಾಬೈಟ್ ಎಂದರೆ ೮೦೦ ಲಕ್ಷಕೋಟಿ ಬಿಟ್ಟುಗಳು. ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳನ್ನು ಸಾಗಿಸುವ ತಂತಿಯಲ್ಲಿ ಇದಕ್ಕೆ ೮ ಲಕ್ಷ ಸೆಕೆಂಡು, ಅಂದರೆ ಒಂಬತ್ತು ದಿನಗಳಿಗೂ ಹೆಚ್ಚು ಕಾಲ ಬೇಕು. ಆಸ್ಪತ್ರೆಯ ರೋಗಿಗಳ ವಿವರಗಳಂಥ ದತ್ತಾಂಶವನ್ನು ಹೊರಗೆ ಕಳಿಸುವುದೇ ಉಚಿತವಲ್ಲದಿರಬಹುದು. ಆದ್ದರಿಂದ ಗಣನೆಯನ್ನೇ ದತ್ತಾಂಶವಿರುವೆಡೆಗೆ ಒಯ್ಯುವುದು ಜಾಣತನ. ಕಂಟೇನರಿನ ನಿಜವಾದ ಉಪಕಾರವೂ ಇದೇ.

ಆಯ್ಕೆಯ ಕ್ರಮ

ಸಾರಾಂಶವಿಷ್ಟು. ಮುಖ್ಯವಾಗಿ ಕಲಿಸುವುದೇ ಕೆಲಸವಾದರೆ ಸ್ಲರ್ಮ್. ಸೇವೆಯೇ ಪ್ರಧಾನವಾದರೆ, ಅಥವಾ ಎರಡು ನೆಲೆಗಳಲ್ಲಿಯೂ ನಡೆಯಬೇಕಾದರೆ ಕುಬರ್ನೆಟಿಸ್. ಕುಬರ್ನೆಟಿಸ್‌ನಲ್ಲಿಯೇ ಕಲಿಸಬಾರದೆಂದಿಲ್ಲ, ಓಪನ್‌ಎಐ ಸಂಸ್ಥೆ ತನ್ನ ಒಂದು ಸಮೂಹವನ್ನು ೭,೫೦೦ ಯಂತ್ರಗಳಿಗೆ ಬೆಳೆಸಿದ್ದನ್ನು ೨೦೨೧ರಲ್ಲಿ ತಿಳಿಸಿತು. ಆದರೆ ಅಂಥ ಸಾಹಸಕ್ಕೆ ನುರಿತ ತಂಡ ಬೇಕು. ಪುಟ್ಟ ತಂಡ, ನಾಲ್ಕಾರು ಯಂತ್ರಗಳಿರುವ ಕಡೆ ಸರಳ ಸಾಧನವೇ ಮೇಲು. ಕೆಲಸದ ಸ್ವಭಾವ, ದತ್ತಾಂಶದ ನೆಲೆ, ತಂಡದ ಶಕ್ತಿ ಈ ಮೂರನ್ನು ಮೊದಲು ಅಳೆದು, ಅನಂತರ ಸಾಧನದ ಹೆಸರನ್ನು ಕೇಳುವುದೇ ಸರಿಯಾದ ಕ್ರಮ.